ಕಪ್ಪು ವಿದ್ಯಾರ್ಥಿಗಳು, ಪತ್ರಿಕೋದ್ಯಮ ಮತ್ತು ಸ್ಕಾಲರ್‌ಶಿಪ್ಪಿನ ಹಣ

(ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1965ರ ಆಗಸ್ಟ್. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ ಹೊತ್ತಿ ಉರಿಯುತ್ತಿತ್ತು. ಪೊಲೀಸರು ಒಬ್ಬ ಕಪ್ಪು ಯುವಕನ ಕಾರು ತಡೆದಲ್ಲಿಂದ ಶುರುವಾದ ಜಗಳ ಊರನ್ನೇ ಸುಟ್ಟಿತು. 34 ಜನ ಸತ್ತರು. ಅಲ್ಲಿನ ದೊಡ್ಡ ಪತ್ರಿಕೆ ಲಾಸ್ ಏಂಜಲೀಸ್ ಟೈಮ್ಸ್. ಅದರ ಸುದ್ದಿಮನೆಯಲ್ಲಿ ಆಗ ಒಬ್ಬ ಕಪ್ಪು ವರದಿಗಾರನೂ ಇರಲಿಲ್ಲ. ಬಿಳಿ ವರದಿಗಾರರು ಆ ಬೀದಿಗಳಿಗೆ ಹೋಗುವ ಸ್ಥಿತಿ ಇರಲಿಲ್ಲ. ಕೊನೆಗೆ ಅಲ್ಲಿಂದ ಸುದ್ದಿ ಕೊಟ್ಟವರು ಜಾಹೀರಾತು ವಿಭಾಗದಲ್ಲಿದ್ದ 24 ವರ್ಷದ ರಾಬರ್ಟ್ ರಿಚರ್ಡ್‌ಸನ್. ಕಪ್ಪು ಹುಡುಗ. ವರದಿ ಬರೆದು ಗೊತ್ತಿಲ್ಲ, ಯಾರೂ ಕಲಿಸಿರಲೂ ಇಲ್ಲ. ಬೀದಿ ಬದಿಯ ಟೆಲಿಫೋನ್ ಬೂತಿಗೆ ನುಗ್ಗಿ, ಕಣ್ಣಾರೆ ಕಂಡದ್ದನ್ನು ಫೋನಿನಲ್ಲಿ ಹೇಳುತ್ತಿದ್ದರು. ಕಚೇರಿಯಲ್ಲಿ ಕೂತವರು ಬರೆದುಕೊಳ್ಳುತ್ತಿದ್ದರು.

ಮುಂದಿನ ವರ್ಷ ಆ ಗಲಭೆಯ ವರದಿಗಾಗಿ ಟೈಮ್ಸ್ ಸಿಬ್ಬಂದಿಗೆ ಅಮೆರಿಕದ ಪತ್ರಿಕೋದ್ಯಮದ ಅತಿ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ರಿಚರ್ಡ್‌ಸನ್ ಅವರನ್ನು ತರಬೇತಿ ವರದಿಗಾರ ಎಂದು ಸುದ್ದಿಮನೆಗೆ ತೆಗೆದುಕೊಂಡರು. ಅವರು ಅಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ.

ಈ ಕತೆಯಿಂದ ಯಾಕೆ ಶುರು ಮಾಡಿದೆ ಅಂದರೆ, ಅಮೆರಿಕದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಪತ್ರಿಕೋದ್ಯಮದ ಸ್ಕಾಲರ್‌ಶಿಪ್ ಯಾಕೆ ಬೇಕಾಯಿತು ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಒಬ್ಬ ಪ್ರತಿಭಾವಂತ ಹುಡುಗನನ್ನು ಬೆಂಕಿ ಬಿದ್ದ ದಿನ ಕರೆದರು. ಅದಕ್ಕೆ ಮೊದಲು ಅವನಿಗೆ ಯಾರೂ ಈ ಕೆಲಸ ಕಲಿಸಲಿಲ್ಲ. ಆಮೇಲೂ ಸರಿಯಾಗಿ ಕಲಿಸಲಿಲ್ಲ.

ಎರಡು ವರ್ಷದ ನಂತರ, 1967ರ ಬೇಸಿಗೆಯಲ್ಲಿ, ಡೆಟ್ರಾಯಿಟ್, ನ್ಯೂವಾರ್ಕ್ ಸೇರಿದಂತೆ ಎಷ್ಟೋ ಊರುಗಳಲ್ಲಿ ಗಲಭೆ ಎದ್ದಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದು ಆಯೋಗ ಮಾಡಿದರು. ಇಲಿನಾಯ್ ರಾಜ್ಯದ ಗವರ್ನರ್ ಒಟ್ಟೋ ಕರ್ನರ್ ಅದರ ಮುಖ್ಯಸ್ಥರು. 1968ರಲ್ಲಿ ಬಂದ ಆ ವರದಿಯ 15ನೇ ಅಧ್ಯಾಯ ಪೂರ್ತಿ ಪತ್ರಿಕೆ ಮತ್ತು ಟಿವಿಯ ಬಗ್ಗೆ. ನೀವೆಲ್ಲ ಒಮ್ಮೆ ಅದನ್ನು ಓದಲೇಬೇಕು. ಅದರಲ್ಲಿ ಒಂದು ಲೆಕ್ಕ ಇದೆ. ಡೆಟ್ರಾಯಿಟ್ ಗಲಭೆಯಲ್ಲಿ ಆದ ಆಸ್ತಿ ನಷ್ಟ 20 ಕೋಟಿಯಿಂದ 50 ಕೋಟಿ ಡಾಲರ್ ಅಂತ ಪತ್ರಿಕೆಗಳು ಮೊದಲು ಬರೆದಿದ್ದವು. ನಂತರ ಲೆಕ್ಕ ಹಾಕಿ ನೋಡಿದರೆ, ಅತಿ ಹೆಚ್ಚು ಅಂದಾಜು ಅಂದರೂ ನಾಲ್ಕೂವರೆ ಕೋಟಿ. ಸುದ್ದಿಮನೆಗೆ ಆ ಬಡಾವಣೆಯ ಪರಿಚಯವೇ ಇಲ್ಲದಿದ್ದಾಗ ಹೀಗಾಗುತ್ತದೆ. ಕೈಗೆ ಸಿಕ್ಕಿದ ದೊಡ್ಡ ಸಂಖ್ಯೆ ತಲೆಬರಹವಾಗುತ್ತದೆ.

ಅದೇ ಅಧ್ಯಾಯ ಇನ್ನೆರಡು ಸಂಖ್ಯೆಗಳನ್ನೂ ಕೊಡುತ್ತದೆ. ದೇಶದ ಸುದ್ದಿಮನೆಗಳಲ್ಲಿ ಸಂಪಾದಕೀಯ ಕೆಲಸ ಮಾಡುವವರಲ್ಲಿ ಕಪ್ಪು ಜನ ಶೇ 5ಕ್ಕಿಂತ ಕಡಿಮೆ. ಸಂಪಾದಕರು, ಮೇಲ್ವಿಚಾರಕರಲ್ಲಿ ಶೇ 1ಕ್ಕಿಂತ ಕಡಿಮೆ. ಪತ್ರಿಕೆಗಳು ಬಹಳ ಕಾಲದಿಂದ ಬಿಳಿಯರ ಲೋಕದಲ್ಲೇ ಹಾಯಾಗಿದ್ದುಕೊಂಡು, ಹೊರಗೆ ನೋಡಿದರೂ ಬಿಳಿಯರ ಕಣ್ಣಿನಿಂದಲೇ ನೋಡುತ್ತಿವೆ ಎಂದು ಆಯೋಗ ಬರೆಯಿತು. ಕಪ್ಪು ಜನರನ್ನು ಹುಡುಕಿ, ಕೆಲಸಕ್ಕೆ ತೆಗೆದುಕೊಂಡು, ತರಬೇತಿ ಕೊಟ್ಟು, ಬಡ್ತಿ ಕೊಡುವುದರಲ್ಲಿ ಈ ಉದ್ಯಮ ನಾಚಿಕೆಪಡುವಷ್ಟು ಹಿಂದಿದೆ ಅಂತ ನೇರವಾಗಿಯೇ ಹೇಳಿತು.

'ಓದಿದ ಕಪ್ಪು ಪತ್ರಕರ್ತರು ಸಿಗುವುದಿಲ್ಲವಲ್ಲ' ಅನ್ನುವುದು ಸಂಪಾದಕರ ಕಡೆಯಿಂದ ಬರುತ್ತಿದ್ದ ಮಾಮೂಲಿ ಉತ್ತರ. ಸಿಗುವುದಿಲ್ಲ ಯಾಕೆ? ಇಲ್ಲಿಂದ ಸ್ವಲ್ಪ ಹಿಂದಕ್ಕೆ, ಮಿಸೌರಿ ರಾಜ್ಯಕ್ಕೆ ಹೋಗೋಣ. ಇವತ್ತಿನ ಮಾತಿನಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದು. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಶುರುವಾದ ಪತ್ರಿಕೋದ್ಯಮ ಶಾಲೆ ಜಗತ್ತಿನಲ್ಲೇ ಮೊದಲನೆಯದು ಎಂದು ಹೆಸರಾಗಿದೆ. ಆ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಮಿಸೌರಿ ಸರ್ಕಾರ ಅವರಿಗೆ ಹಣ ಕೊಡುತ್ತಿತ್ತು! ಯಾತಕ್ಕೆ ಗೊತ್ತಾ? ಪಕ್ಕದ ರಾಜ್ಯಕ್ಕೆ ಹೋಗಿ ಓದಿಕೊಳ್ಳಲು. ಕಾನ್ಸಸ್‌ಗೆ ಹೋಗಿ, ಐಯೋವಾಗೆ ಹೋಗಿ, ಇಲಿನಾಯ್‌ಗೆ ಹೋಗಿ, ಫೀಸು ನಾವು ಕಟ್ಟುತ್ತೇವೆ, ಇಲ್ಲಿಗೆ ಮಾತ್ರ ಬರಬೇಡಿ. ದಕ್ಷಿಣದ ಮತ್ತು ಗಡಿ ಭಾಗದ ಹಲವು ರಾಜ್ಯಗಳು ಇದನ್ನೇ ಮಾಡುತ್ತಿದ್ದವು. ಕಾಗದದ ಮೇಲೆ ಅದೂ ವಿದ್ಯಾರ್ಥಿವೇತನವೇ. ದಯವಿಟ್ಟು ಇದನ್ನು ನೆನಪಿಡಿ. ಹಣ ಕೊಟ್ಟು ಒಳಗೆ ಕರೆಯಬಹುದು, ಹಣ ಕೊಟ್ಟು ಊರು ಬಿಡಿಸಲೂಬಹುದು. ಯಾವುದೇ ಸ್ಕಾಲರ್‌ಶಿಪ್ ನೋಡಿದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಈ ಹಣ ಈ ಹುಡುಗಿಯನ್ನು ಯಾವ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ?

ಲಾಯ್ಡ್ ಗೇನ್ಸ್ ಎಂಬ ಯುವಕ ಕಾನೂನು ಓದಲು ಅದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಸೀಟು ಸಿಗಲಿಲ್ಲ. ಹೊರ ರಾಜ್ಯದ ಫೀಸು ಕೊಡುತ್ತೇವೆ ಅಂದರು. ಬೇಡ ಅಂದು ಕೋರ್ಟಿಗೆ ಹೋದರು. 1938ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗೇನ್ಸ್ ಪರ ತೀರ್ಪು ಕೊಟ್ಟಿತು. ಬಿಳಿಯರಿಗೆ ರಾಜ್ಯದೊಳಗೆ ಕಾನೂನು ಶಿಕ್ಷಣ ಕೊಡುವುದಾದರೆ ಕಪ್ಪು ಜನರಿಗೂ ರಾಜ್ಯದೊಳಗೇ ಕೊಡಬೇಕು, ಹೊರಗೆ ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ ಅಂತ. ಮಿಸೌರಿ ಏನು ಮಾಡಿತು? ಸೇಂಟ್ ಲೂಯಿಸ್‌ನಲ್ಲಿ ಹಿಂದೆ ಬ್ಯೂಟಿ ಕಾಲೇಜು ಇದ್ದ ಕಟ್ಟಡದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದು ಬೇರೆ ಕಾನೂನು ಶಾಲೆ ತೆರೆಯಿತು. ಅಷ್ಟರಲ್ಲಿ ಗೇನ್ಸ್ ಕಾಣೆಯಾಗಿದ್ದರು. 1939ರ ಮಾರ್ಚ್‌ನಲ್ಲಿ, ಷಿಕಾಗೋದಲ್ಲಿ, ಅಂಚೆ ಚೀಟಿ ತರುತ್ತೇನೆ ಎಂದು ಹೊರಗೆ ಹೋದವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಏನಾಯಿತು ಅನ್ನುವುದು ಇಂದಿಗೂ ಬಗೆಹರಿದಿಲ್ಲ.

ಆ ತೀರ್ಪು ಬಂದ ಮರು ತಿಂಗಳೇ, 1939ರ ಜನವರಿಯಲ್ಲಿ, ಲೂಸಿಲ್ ಬ್ಲೂಫೋರ್ಡ್ ಎಂಬ ಪತ್ರಕರ್ತೆ ಮಿಸೌರಿ ಪತ್ರಿಕೋದ್ಯಮ ಶಾಲೆಯ ಬಾಗಿಲಿಗೆ ಬಂದರು. ಕಾನ್ಸಸ್ ಸಿಟಿಯಲ್ಲಿ ಬೆಳೆದವರು. ತನ್ನ ರಾಜ್ಯದಲ್ಲಿ ಸೀಟು ಇಲ್ಲದ್ದಕ್ಕೆ ಪಕ್ಕದ ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಪದವಿ ಮಾಡಿದ್ದರು. ಅಷ್ಟು ಹೊತ್ತಿಗೆ ಕಪ್ಪು ಜನರ ಪತ್ರಿಕೆಯಾದ ಕಾನ್ಸಸ್ ಸಿಟಿ ಕಾಲ್‌ನಲ್ಲಿ ಪಳಗಿದ ಕೈ. ಸ್ನಾತಕೋತ್ತರ ಪದವಿಗೆ ಅಂಚೆಯಲ್ಲಿ ಅರ್ಜಿ ಕಳಿಸಿದರು. ಅಂಕಪಟ್ಟಿಯಲ್ಲಿ ಚರ್ಮದ ಬಣ್ಣ ಬರೆದಿರುವುದಿಲ್ಲ, ಅಲ್ವಾ? ಸೀಟು ಮಂಜೂರಾಯಿತು. ದಾಖಲಾಗಲು ಕ್ಯಾಂಪಸ್ಸಿಗೆ ಖುದ್ದಾಗಿ ಹೋದಾಗ, ಮುಖ ನೋಡಿ ವಾಪಸ್ ಕಳಿಸಿದರು.

ಬ್ಲೂಫೋರ್ಡ್ ಸುಮ್ಮನಾಗಲಿಲ್ಲ. ಮತ್ತೆ ಅರ್ಜಿ, ಮತ್ತೆ ಅರ್ಜಿ. ಒಟ್ಟು 11 ಸಲ. ಕೋರ್ಟಿಗೂ ಹೋದರು. 1941ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ತಾತ್ಪರ್ಯ: ಕಪ್ಪು ಜನರ ವಿಶ್ವವಿದ್ಯಾಲಯವಾದ ಲಿಂಕನ್‌ನಲ್ಲಿ ಆ ಕೋರ್ಸ್ ಕೇಳಿ, ಅದಕ್ಕೆ ಸಮಯ ಕೊಡಿ. ಮಿಸೌರಿ ವಿಶ್ವವಿದ್ಯಾಲಯವಂತೂ ಯುದ್ಧದ ಕಾಲ, ವಿದ್ಯಾರ್ಥಿಗಳು ಕಡಿಮೆ ಎಂಬ ಕಾರಣ ಹೇಳಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗವನ್ನೇ ಮುಚ್ಚಿತು. ಒಬ್ಬ ಹೆಣ್ಣುಮಗಳನ್ನು ಒಳಗೆ ಬಿಡುವುದಕ್ಕಿಂತ ಎಲ್ಲರಿಗೂ ಬಾಗಿಲು ಹಾಕುವುದೇ ಮೇಲು ಎಂದೇ ಇದನ್ನು ನಾನು ಓದುತ್ತೇನೆ. 1942ರಲ್ಲಿ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಯಿತು. ಬ್ಲೂಫೋರ್ಡ್ ಹೋರಾಟ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಲಿಂಕನ್ ವಿಶ್ವವಿದ್ಯಾಲಯದ ಹುಟ್ಟನ್ನೂ ಹೇಳಿಬಿಡುತ್ತೇನೆ. ಅದು 1866ರಲ್ಲಿ ಶುರುವಾದದ್ದು ಕಪ್ಪು ಸೈನಿಕರ ದುಡ್ಡಿನಿಂದ. ಅಂತರ್ಯುದ್ಧದಲ್ಲಿ ಹೋರಾಡಿದ 62ನೇ ಮತ್ತು 65ನೇ ಕಪ್ಪು ಪಡೆಗಳ ಸೈನಿಕರು, ತಿಂಗಳಿಗೆ 13 ಡಾಲರ್ ಸಂಬಳದವರು, ತಾವೇ ಚಂದಾ ಎತ್ತಿದರು. 62ನೇ ಪಡೆಯೊಂದರಿಂದಲೇ ಸುಮಾರು 5,000 ಡಾಲರ್ ಕೂಡಿತು. ಅವರಲ್ಲಿ ಎಷ್ಟೋ ಜನ ಸ್ವಲ್ಪ ದಿನದ ಹಿಂದಿನವರೆಗೆ ಗುಲಾಮರು. ಗುಲಾಮರಿಗೆ ಅಕ್ಷರ ಕಲಿಸುವುದು ಮಿಸೌರಿಯಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಹೀಗಾಗಿ ಕಪ್ಪು ವಿದ್ಯಾರ್ಥಿಗಳ ಓದಿಗೆ ಹಣ ಕೊಡುವುದು ಬಿಳಿಯರ ಉದಾರತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೊದಲು ಜೇಬಿಗೆ ಕೈ ಹಾಕಿದವರು ಆ ಕಪ್ಪು ಸೈನಿಕರೇ.

ಬ್ಲೂಫೋರ್ಡ್ ಕಾಲ್ ಪತ್ರಿಕೆಯನ್ನು ಬಿಡಲಿಲ್ಲ. ಅದರ ಸಂಪಾದಕಿಯಾದರು. 1984ರಲ್ಲಿ ಅದೇ ಮಿಸೌರಿ ಪತ್ರಿಕೋದ್ಯಮ ಶಾಲೆ ಅವರಿಗೆ ಗೌರವ ಪದಕ ಕೊಟ್ಟಿತು. 1989ರಲ್ಲಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇವತ್ತು ಆ ಕ್ಯಾಂಪಸ್ಸಿನ ಒಂದು ಹಾಸ್ಟೆಲಿಗೆ ಅವರ ಹೆಸರಿದೆ.

ಈಗ ಮತ್ತೆ 1968ಕ್ಕೆ ಬರೋಣ. ಕರ್ನರ್ ವರದಿ ಬಂದ ವರ್ಷವೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಫ್ರೆಂಡ್ಲಿ ಒಂದು ಬೇಸಿಗೆ ತರಬೇತಿ ಶುರು ಮಾಡಿದರು. ಸಿಬಿಎಸ್ ಎಂಬ ದೊಡ್ಡ ಟಿವಿ ಜಾಲದ ಸುದ್ದಿ ವಿಭಾಗದ ಮುಖ್ಯಸ್ಥರಾಗಿದ್ದವರು ಅವರು. ಹಣ ಕೊಟ್ಟದ್ದು ಫೋರ್ಡ್ ಫೌಂಡೇಶನ್. ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಯುವಕ ಯುವತಿಯರಿಗೆ ಕೆಲವೇ ವಾರಗಳಲ್ಲಿ ಬಿರುಸಿನ ತರಬೇತಿ ಕೊಟ್ಟು ನೇರ ಸುದ್ದಿಮನೆಗೆ ಕಳಿಸುವುದು ಉದ್ದೇಶ. ಸರ್ಟಿಫಿಕೇಟ್ ಕೊಟ್ಟು ಕೈಬಿಡುವ ತರಬೇತಿ ಅಲ್ಲ ಅದು. ಆಚೆ ತುದಿಯಲ್ಲಿ ಕೆಲಸ ಇತ್ತು. ಅದೇ ಅದರ ಜೀವಾಳ.

ಅಲ್ಲಿ ಕಲಿತ ಮಿಷೆಲ್ ಕ್ಲಾರ್ಕ್ ಎಂಬ ಷಿಕಾಗೋ ಹುಡುಗಿ ಸಿಬಿಎಸ್ ವರದಿಗಾರ್ತಿಯಾದರು. 1972ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ, 29ನೇ ವಯಸ್ಸಿಗೇ ತೀರಿಕೊಂಡರು. ತರಬೇತಿಗೆ ಅವರ ಹೆಸರಿಟ್ಟರು. ಅದನ್ನು ನಡೆಸಿದವರಲ್ಲಿ ರಾಬರ್ಟ್ ಮೇನಾರ್ಡ್ ಮತ್ತು ಅರ್ಲ್ ಕಾಲ್ಡ್‌ವೆಲ್ ಇದ್ದರು. ಕಾಲ್ಡ್‌ವೆಲ್ ನ್ಯೂಯಾರ್ಕ್ ಟೈಮ್ಸ್ ವರದಿಗಾರ. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುಂಡು ಬಿದ್ದಾಗ ಅದೇ ಮೋಟೆಲಿನಲ್ಲಿ ಇದ್ದವರು. ಬ್ಲ್ಯಾಕ್ ಪ್ಯಾಂಥರ್ ಎಂಬ ಕಪ್ಪು ಜನರ ಹೋರಾಟದ ಪಕ್ಷದ ಬಗ್ಗೆ ತನಗೆ ಗೊತ್ತಿದ್ದದ್ದನ್ನು ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ವಿಚಾರಿಸುವ ನಾಗರಿಕರ ಮಂಡಳಿ, ಮುಂದೆ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋರಾಡಿದವರು. ಅವರನ್ನು ನಂಬಿ ಮಾತಾಡಿದ ಜನ ಇದ್ದರು, ಆ ನಂಬಿಕೆ ಮುರಿಯಲು ಅವರು ತಯಾರಿರಲಿಲ್ಲ.

ಮೇನಾರ್ಡ್ ಅವರದು ಇನ್ನೊಂದು ದಾರಿ. 16ನೇ ವಯಸ್ಸಿಗೇ ಹೈಸ್ಕೂಲು ಬಿಟ್ಟವರು. 1966ರಲ್ಲಿ, ಪತ್ರಕರ್ತರಿಗೆಂದೇ ಇರುವ ಹಾರ್ವರ್ಡ್‌ನ ನೀಮನ್ ಫೆಲೋಶಿಪ್ ಸಿಕ್ಕಿತು. ಕೊಲಂಬಿಯಾದ ತರಬೇತಿ ಎಪ್ಪತ್ತರ ದಶಕದ ನಡುವೆ ನಿಂತುಹೋದಾಗ, ಅವರೂ ಗೆಳೆಯರೂ ಸೇರಿ 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಈಗ ಅದು ಮೇನಾರ್ಡ್ ಇನ್‌ಸ್ಟಿಟ್ಯೂಟ್. 1983ರಲ್ಲಿ ಅವರು ಓಕ್ಲೆಂಡ್ ಟ್ರಿಬ್ಯೂನ್ ಪತ್ರಿಕೆಯನ್ನೇ ಕೊಂಡರು. ದೊಡ್ಡ ನಗರವೊಂದರ ಸಾಮಾನ್ಯ ದಿನಪತ್ರಿಕೆಗೆ ಕಪ್ಪು ಮಾಲೀಕ ಬಂದದ್ದು ಅಮೆರಿಕದಲ್ಲಿ ಅದೇ ಮೊದಲು. ಲೋಮಾ ಪ್ರಿಯೆಟಾ ಭೂಕಂಪದ ಫೋಟೋಗಳಿಗೆ ಆ ಪತ್ರಿಕೆಗೆ 1990ರಲ್ಲಿ ಪುಲಿಟ್ಜರ್ ಬಂತು.

ಈ ನಡುವೆ 1975ರ ಡಿಸೆಂಬರ್ 12ರಂದು ವಾಷಿಂಗ್‌ಟನ್‌ನಲ್ಲಿ 44 ಪತ್ರಕರ್ತರು ಸೇರಿ ಕಪ್ಪು ಪತ್ರಕರ್ತರ ರಾಷ್ಟ್ರೀಯ ಸಂಘ ಕಟ್ಟಿದರು. ಎನ್‌ಎಬಿಜೆ ಎಂದು ಎಲ್ಲರೂ ಕರೆಯುವುದು. ಫಿಲಡೆಲ್ಫಿಯಾದ ಚಕ್ ಸ್ಟೋನ್ ಮೊದಲ ಅಧ್ಯಕ್ಷರು. ಫಿಲಡೆಲ್ಫಿಯಾದಲ್ಲಿ ಸ್ಥಳೀಯ ಸಂಘ ಅದಕ್ಕೂ ಎರಡು ವರ್ಷ ಮೊದಲೇ ಇತ್ತು. ಇವತ್ತು ಎನ್‌ಎಬಿಜೆ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುತ್ತದೆ. ಊರೂರಿನ ಶಾಖೆಗಳೂ ತಮ್ಮ ಕೈಲಾದಷ್ಟು ಕೊಡುತ್ತವೆ. ನನಗೆ ಶಾಖೆಗಳ ಸಣ್ಣ ಮೊತ್ತಗಳೇ ಹೆಚ್ಚು ಇಷ್ಟ. ಯಾಕೆಂದರೆ ಅಲ್ಲಿ ಚೆಕ್ ಕೊಡುವವರು ಅದೇ ಊರಿನ ವರದಿಗಾರರು, ಟಿವಿ ನಿರ್ಮಾಪಕರು. ಹುಡುಗ ಅಥವಾ ಹುಡುಗಿಗೆ ಹಣದ ಜೊತೆ ಒಂದು ಫೋನ್ ನಂಬರ್ ಸಿಗುತ್ತದೆ. 'ನನ್ನ ಸುದ್ದಿಯನ್ನು ಸಂಪಾದಕರು ಹೀಗೆ ಕತ್ತರಿಸಿದರು, ಏನು ಮಾಡಲಿ ಅಕ್ಕಾ' ಅಂತ ಕೇಳಲು ಒಬ್ಬರು ಸಿಗುತ್ತಾರೆ. ಅದರ ಬೆಲೆ ಯಾವ ಅರ್ಜಿ ಫಾರಂನಲ್ಲೂ ಬರೆದಿರುವುದಿಲ್ಲ.

ಟಿವಿ ಮತ್ತು ರೇಡಿಯೋ ಸುದ್ದಿಯವರ ಪ್ರತಿಷ್ಠಾನವೊಂದು ಹೆಸರಾಂತ ಕಪ್ಪು ಟಿವಿ ಪತ್ರಕರ್ತರಾದ ಎಡ್ ಬ್ರ್ಯಾಡ್ಲಿ ಹೆಸರಿನಲ್ಲಿ, ಕೆರೋಲ್ ಸಿಂಪ್ಸನ್ ಹೆಸರಿನಲ್ಲಿ ಸ್ಕಾಲರ್‌ಶಿಪ್ ನಡೆಸಿಕೊಂಡು ಬಂದಿದೆ. ಬ್ರ್ಯಾಡ್ಲಿ ಓದಿದ್ದು ಚೇನಿಯಲ್ಲಿ. 1837ರಲ್ಲಿ ಕಪ್ಪು ಜನರ ಶಿಕ್ಷಣಕ್ಕೆಂದೇ ಶುರುವಾದ ಸಂಸ್ಥೆ ಅದು. ಅವರು ಪಡೆದದ್ದು ಶಿಕ್ಷಕರ ಪದವಿ. ಹಗಲು ಫಿಲಡೆಲ್ಫಿಯಾದಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ಪಾಠ. ರಾತ್ರಿ ಡಬ್ಲ್ಯುಡಿಎಎಸ್ ರೇಡಿಯೋದಲ್ಲಿ ಕೆಲಸ, ಮೊದಮೊದಲು ಸಂಬಳವೇ ಇಲ್ಲದೆ. ಮುಂದೆ ಸಿಬಿಎಸ್‌ನ '60 ಮಿನಿಟ್ಸ್' ಸುದ್ದಿ ಕಾರ್ಯಕ್ರಮದ ಮುಖವಾದರು. ಇದನ್ನು ಹೇಳಿ 'ನೋಡಿ, ಕಷ್ಟಪಟ್ಟರೆ ಆಗುತ್ತದೆ' ಅನ್ನುವವರಿದ್ದಾರೆ. ನಾನು ಬೇರೆ ರೀತಿ ನೋಡುತ್ತೇನೆ. ಬ್ರ್ಯಾಡ್ಲಿಗೆ ಮೇಷ್ಟರ ಸಂಬಳ ಇತ್ತು, ಅದಕ್ಕೇ ರಾತ್ರಿ ಪುಕ್ಕಟೆ ದುಡಿಯಲು ಆಯಿತು. ಆ ಸಂಬಳ ಇಲ್ಲದ ಎಷ್ಟು ಬ್ರ್ಯಾಡ್ಲಿಗಳು ರೇಡಿಯೋ ಸ್ಟೇಷನ್ನಿನ ಬಾಗಿಲಿನಿಂದಲೇ ವಾಪಸ್ ಹೋದರೋ.

ಈಗ ಒಂದು ಸ್ಕಾಲರ್‌ಶಿಪ್ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡೋಣ. ಅರ್ಜಿಯ ಜೊತೆ ಸಾಮಾನ್ಯವಾಗಿ ಒಂದು ಪ್ರಬಂಧ, ಅಂಕಪಟ್ಟಿ, ಶಿಫಾರಸು ಪತ್ರ ಮತ್ತು ತಾನು ಮಾಡಿದ ವರದಿಗಳ ಮಾದರಿ ಕೇಳುತ್ತಾರೆ. ಈ ಕೊನೆಯದರಲ್ಲೇ ತೊಡಕು. ಮಾದರಿ ಬೇಕೆಂದರೆ ಕಾಲೇಜಿನ ಪತ್ರಿಕೆಯಲ್ಲಿ ಕೆಲಸ ಮಾಡಿರಬೇಕು. ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ದುಡಿದು ಮನೆಗೆ ದುಡ್ಡು ಕಳಿಸುವ ವಿದ್ಯಾರ್ಥಿ ಕಾಲೇಜಿನ ಪತ್ರಿಕೆಯಲ್ಲಿ ಪುಟ ಕಟ್ಟಲು ರಾತ್ರಿಯೆಲ್ಲ ಹೇಗೆ ಕೂರುತ್ತಾನೆ? ಯಾರಿಗೆ ಹಣ ಜಾಸ್ತಿ ಬೇಕೋ ಅವನ ಕೈಯಲ್ಲೇ ಮಾದರಿ ಕಡಿಮೆ ಇರುತ್ತದೆ.

ಇನ್ನೊಂದು ವಿಷಯ ಅಮೆರಿಕದ ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಒಂದು ಕಾಲೇಜಿನ ವರ್ಷದ ಖರ್ಚು 30,000 ಡಾಲರ್. ಬಡ ವಿದ್ಯಾರ್ಥಿನಿಗೆ ಕಾಲೇಜೇ 12,000 ಡಾಲರ್ ನೆರವು ಕೊಡುತ್ತಿದೆ. ಆಕೆ ಕಷ್ಟಪಟ್ಟು ಪತ್ರಕರ್ತರ ಸಂಘದಿಂದ 5,000 ಡಾಲರ್ ಗೆದ್ದಳು. ಮನೆಯಲ್ಲಿ ಸಿಹಿ ಹಂಚಿದರು. ಕಾಲೇಜಿನಿಂದ ಪತ್ರ ಬಂತು: 'ನಿಮಗೆ ಹೊರಗಿನಿಂದ 5,000 ಸಿಕ್ಕಿದೆ, ಆದ್ದರಿಂದ ನಮ್ಮ ನೆರವನ್ನು 7,000ಕ್ಕೆ ಇಳಿಸಿದ್ದೇವೆ.' ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಕೆ ಕಟ್ಟಬೇಕಾದ್ದು ಒಂದು ಡಾಲರೂ ಕಡಿಮೆ ಆಗಲಿಲ್ಲ. ಪತ್ರಕರ್ತರು ಆಕೆಗೆಂದು ಕೂಡಿಸಿದ ಚಂದಾ ಕಾಲೇಜಿನ ಖಜಾನೆ ಸೇರಿತು. ಅನೇಕ ಕಾಲೇಜುಗಳಲ್ಲಿ ಇದು ನಡೆಯುತ್ತದೆ, ಕಾನೂನಿನ ಪ್ರಕಾರವೇ. ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಡಿವಾಣ ಹಾಕಿತು. ಹಾಗೆ ಮಾಡಿದ ಮೊದಲ ರಾಜ್ಯ ಅದೇ. ದಾನ ಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆ, ನಾವು ಕೊಟ್ಟರೆ ನೀವು ಕಡಿತ ಮಾಡುತ್ತೀರಾ ಅನ್ನುವುದು. ಕೆಲವರು ಇದಕ್ಕಾಗಿಯೇ ಹಣವನ್ನು ಪುಸ್ತಕಕ್ಕೆ, ಲ್ಯಾಪ್‌ಟಾಪಿಗೆ, ಬೇಸಿಗೆಯ ಖರ್ಚಿಗೆ ಅಂತ ಬೇರೆ ಮಾಡಿ ಕೊಡುತ್ತಾರೆ. ಜಾಣತನದ ಕೆಲಸ.

ಬೇಸಿಗೆ ಅಂದೆ. ಪತ್ರಿಕೋದ್ಯಮದಲ್ಲಿ ಕಾಲೇಜಿನ ನಾಲ್ಕು ವರ್ಷದಷ್ಟೇ ಮುಖ್ಯವಾದದ್ದು ನಡುವಿನ ಬೇಸಿಗೆಗಳು. ಇಂಟರ್ನ್‌ಶಿಪ್ ಆಗುವುದು ಆಗ. ನ್ಯೂಯಾರ್ಕ್, ವಾಷಿಂಗ್‌ಟನ್ ತರಹದ ಊರಿನಲ್ಲಿ ಎರಡು ಮೂರು ತಿಂಗಳು ಸಂಬಳವಿಲ್ಲದೆ ಅಥವಾ ಚೂರುಪಾರು ಸಂಬಳಕ್ಕೆ ಇರಬೇಕೆಂದರೆ ಬಾಡಿಗೆ ಯಾರು ಕಟ್ಟುತ್ತಾರೆ? ಉಳ್ಳವರ ಮಕ್ಕಳಿಗೆ ಅಪ್ಪ ಕಟ್ಟುತ್ತಾನೆ. ಫೀಸಿಗೆ ಸ್ಕಾಲರ್‌ಶಿಪ್ ಸಿಕ್ಕ ಹುಡುಗಿ ಅದೇ ಬೇಸಿಗೆಯಲ್ಲಿ ಊರಿನ ಅಂಗಡಿಯಲ್ಲಿ ದುಡಿಯುತ್ತಾಳೆ. ಇಬ್ಬರೂ ಒಂದೇ ದಿನ ಪದವಿ ಮುಗಿಸುತ್ತಾರೆ. ಒಬ್ಬರ ಕೈಯಲ್ಲಿ ದೊಡ್ಡ ಪತ್ರಿಕೆಯಲ್ಲಿ ಅಚ್ಚಾದ ವರದಿಗಳು, ಇನ್ನೊಬ್ಬರ ಕೈಯಲ್ಲಿ ಅಂಕಪಟ್ಟಿ ಮಾತ್ರ. ಕೆಲಸ ಯಾರಿಗೆ ಸಿಗುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗಿರುತ್ತದೆ.

ಅದಕ್ಕೇ ಇತ್ತೀಚಿನ ಕೆಲವು ಪ್ರಯತ್ನಗಳು ನನಗೆ ಹೆಚ್ಚು ಸರಿ ಕಾಣುತ್ತವೆ. ಕ್ರೀಡಾ ಟಿವಿ ಸಂಸ್ಥೆ ಇಎಸ್‌ಪಿಎನ್ 2017ರಲ್ಲಿ ಶುರು ಮಾಡಿದ ರೋಡನ್ ಫೆಲೋಶಿಪ್, ಹಿಂದಿನಿಂದ ಕಪ್ಪು ಜನರದೇ ಆದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕ್ರೀಡಾ ಪತ್ರಿಕೋದ್ಯಮ ಕಲಿಸುತ್ತದೆ, ಜೊತೆಗೆ ಬರೆಸಿ ಹಣವನ್ನೂ ಕೊಡುತ್ತದೆ. ಹಿರಿಯ ಅಂಕಣಕಾರ ವಿಲಿಯಂ ರೋಡನ್ ಅದರ ಹಿಂದಿರುವವರು. ತನಿಖಾ ವರದಿಗಾರಿಕೆಗೆ ಐಡಾ ಬಿ. ವೆಲ್ಸ್ ಹೆಸರಿನ ಸಂಘ ಇದೆ. ಪತ್ರಕರ್ತೆ ನಿಕೋಲ್ ಹಾನಾ ಜೋನ್ಸ್ ಮತ್ತು ಗೆಳೆಯರು 2016ರಲ್ಲಿ ಕಟ್ಟಿದ್ದು. ಐಡಾ ವೆಲ್ಸ್ ಯಾರು ಅಂತ ಗೊತ್ತಿಲ್ಲದಿದ್ದರೆ ಇವತ್ತೇ ತಿಳಿದುಕೊಳ್ಳಿ. 1892ರಲ್ಲಿ ಮೆಂಫಿಸ್‌ನಲ್ಲಿ ತನ್ನ ಗೆಳೆಯನೂ ಸೇರಿ ಮೂವರು ಕಪ್ಪು ಜನರನ್ನು ಗುಂಪು ಕಟ್ಟಿ ಕೊಂದಾಗ, ಇಂಥ ಕೊಲೆಗಳಿಗೆ ಬಿಳಿಯರು ಕೊಡುವ ಕಾರಣಗಳೆಲ್ಲ ಸುಳ್ಳು ಎಂದು ಒಂದೊಂದೇ ಪ್ರಕರಣ ಹಿಡಿದು ಬರೆದವರು. ಅವರ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿದರು. ಅವರು ಮತ್ತೆ ಆ ಊರಿಗೆ ಹೋಗಿ ನೆಲೆಸುವ ಹಾಗಿರಲಿಲ್ಲ. ಪುಲಿಟ್ಜರ್ ಮಂಡಳಿ ಅವರಿಗೆ ವಿಶೇಷ ಗೌರವ ಕೊಟ್ಟದ್ದು 2020ರಲ್ಲಿ, ತೀರಿಕೊಂಡು 89 ವರ್ಷದ ನಂತರ.

ಇಷ್ಟೆಲ್ಲ ಆದ ಮೇಲೆ ಸ್ಥಿತಿ ಹೇಗಿದೆ? ಅಮೆರಿಕದ ಪತ್ರಿಕಾ ಸಂಪಾದಕರ ಸಂಘ 1978ರಲ್ಲಿ ಒಂದು ಗುರಿ ಹಾಕಿಕೊಂಡಿತ್ತು. ಆಗ ದಿನಪತ್ರಿಕೆಗಳ ಸುದ್ದಿಮನೆಯಲ್ಲಿ ಅಲ್ಪಸಂಖ್ಯಾತರೆಲ್ಲ ಸೇರಿ ಶೇ 4ರಷ್ಟು. ಇಸವಿ 2000ದ ಹೊತ್ತಿಗೆ ದೇಶದ ಜನಸಂಖ್ಯೆಯಲ್ಲಿ ಎಷ್ಟೋ ಅಷ್ಟು ಆಗಬೇಕು ಅಂತ. ಆಗಲಿಲ್ಲ. 1998ರಲ್ಲಿ ಗಡುವನ್ನು 2025ಕ್ಕೆ ತಳ್ಳಿದರು. ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ ಸುಮಾರು 12,000 ಪತ್ರಕರ್ತರನ್ನು ಮಾತಾಡಿಸಿತು. ಅವರಲ್ಲಿ ಕಪ್ಪು ಜನ ಶೇ 6. ಇಡೀ ದೇಶದ ದುಡಿಯುವ ಜನರಲ್ಲಿ ಅವರ ಪಾಲು ಸುಮಾರು ಶೇ 11.

ಅಂತರ ಹೀಗೇ ಇರುವಾಗಲೇ ಸ್ಕಾಲರ್‌ಶಿಪ್ಪುಗಳ ಮೇಲೆ ಕೋರ್ಟಿನ ಕತ್ತಿ ಬಿದ್ದಿದೆ. ವರ್ಜೀನಿಯಾದಲ್ಲಿ ಅಲ್ಪಸಂಖ್ಯಾತ ಹೈಸ್ಕೂಲು ಮಕ್ಕಳಿಗಾಗಿ ನಡೆಯುತ್ತಿದ್ದ ಬೇಸಿಗೆಯ ಪತ್ರಿಕೋದ್ಯಮ ಶಿಬಿರವೊಂದರಲ್ಲಿ ಬಿಳಿ ವಿದ್ಯಾರ್ಥಿನಿಯೊಬ್ಬಳಿಗೆ ಸೀಟು ಸಿಗಲಿಲ್ಲ. ಮೊಕದ್ದಮೆ ಆಯಿತು. ಹಣ ಕೊಟ್ಟಿದ್ದ ಡೌ ಜೋನ್ಸ್ ಪ್ರತಿಷ್ಠಾನ 2007ರಲ್ಲಿ ರಾಜಿಗೆ ಬಂದು, ಶಿಬಿರ ಎಲ್ಲರಿಗೂ ತೆರೆದಿರುತ್ತದೆ ಎಂದು ಒಪ್ಪಿಕೊಂಡಿತು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶ ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದಿತು. ತೀರ್ಪು ಪ್ರವೇಶದ ಬಗ್ಗೆ. ಸ್ಕಾಲರ್‌ಶಿಪ್ ಬಗ್ಗೆ ನೇರವಾಗಿ ಏನೂ ಹೇಳಿರಲಿಲ್ಲ. ಆದರೆ ಅದೇ ದಿನ ಒಂದು ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲರು, ತಮ್ಮ ಕಾಲೇಜುಗಳಿಗೆ ಪತ್ರ ಬರೆದು, ಜನಾಂಗ ನೋಡಿ ಕೊಡುವ ವಿದ್ಯಾರ್ಥಿವೇತನಗಳನ್ನು ಕೂಡಲೇ ನಿಲ್ಲಿಸಿ ಅಂದರು. ಯಾವ ರಾಜ್ಯ? ಮಿಸೌರಿ. ಮಿಸೌರಿ ವಿಶ್ವವಿದ್ಯಾಲಯ ಒಪ್ಪಿಕೊಂಡಿತು.

ಇದನ್ನು ಓದಿದ ದಿನ ನನಗೆ ತುಂಬಾ ಸಂಕಟವಾಯಿತು. ಹಿಂದೆ ಬಣ್ಣ ನೋಡಿ ಹೊರಗೆ ಕಳಿಸಲು ಹಣ ಕೊಟ್ಟ ರಾಜ್ಯ, ಈಗ ಬಣ್ಣ ನೋಡಿ ಒಳಗೆ ಕರೆಯಲು ಹಣ ಕೊಡಬಾರದು ಅನ್ನುತ್ತಿದೆ. ಕಾನೂನಿನ ಭಾಷೆಯಲ್ಲಿ ಎರಡೂ ಒಂದೇ ತಪ್ಪು ಎಂದು ವಾದಿಸುವವರಿದ್ದಾರೆ. ಅವರ ವಾದವನ್ನು ನಾನು ಕೇಳಿದ್ದೇನೆ. ಬಣ್ಣ ನೋಡದೆ ಬರೀ ಬಡತನ ನೋಡಿ ಕೊಡಿ ಅನ್ನುತ್ತಾರೆ. ಬಡ ಬಿಳಿ ಹುಡುಗನಿಗೂ ನೆರವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಲೂಫೋರ್ಡ್ ಅವರನ್ನು ವಾಪಸ್ ಕಳಿಸಿದ್ದು ಬಡತನಕ್ಕಲ್ಲ. ವಾಟ್ಸ್‌ನಲ್ಲಿ ಟೈಮ್ಸ್‌ಗೆ ಬೇಕಾಗಿದ್ದದ್ದು ಬಡ ವರದಿಗಾರನೂ ಅಲ್ಲ. ಏಟು ಬಿದ್ದದ್ದು ಒಂದು ಕಡೆ, ಮುಲಾಮು ಹಚ್ಚುವುದು ಇನ್ನೊಂದು ಕಡೆ ಆಗಬಾರದು. ಈಗ ಅನೇಕ ಸಂಸ್ಥೆಗಳು ಅರ್ಜಿಯ ಮಾತು ಬದಲಿಸಿವೆ. 'ಕಪ್ಪು ವಿದ್ಯಾರ್ಥಿಗಳಿಗೆ' ಎನ್ನುವ ಬದಲು 'ಕಪ್ಪು ಸಮುದಾಯಗಳ ಬಗ್ಗೆ ವರದಿ ಮಾಡಲು ಬಯಸುವವರಿಗೆ' ಎನ್ನುವ ಹಾಗೆ. ದಾರಿ ಮುಚ್ಚಿದಾಗ ಓಣಿ ಹುಡುಕಬೇಕಾಗುತ್ತದೆ.

ನಮ್ಮ ಕಡೆಗೂ ಒಂದು ಕೊಂಡಿ ಇದೆ. ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬೋಯಿಸ್ ಬರ್ಲಿನ್‌ನಲ್ಲಿ ಓದಲು, ಕಪ್ಪು ಜನರ ಶಿಕ್ಷಣಕ್ಕೆ ನೆರವಾಗುತ್ತಿದ್ದ ಸ್ಲೇಟರ್ ನಿಧಿಯಿಂದ ಹಣ ಕೇಳಿದರು. ಮೊದಲು ಇಲ್ಲ ಅಂದರು. ಡು ಬೋಯಿಸ್ ಖಾರವಾಗಿ ಪತ್ರ ಬರೆದು ಬೆನ್ನು ಬಿಡದೆ ಪಡೆದರು, ಅದೂ ಅರ್ಧ ದಾನ, ಅರ್ಧ ಸಾಲ. ಅವರೇ 1910ರಲ್ಲಿ 'ದಿ ಕ್ರೈಸಿಸ್' ಪತ್ರಿಕೆ ಶುರು ಮಾಡಿದರು. ಇತ್ತ 1913ರಲ್ಲಿ ಬಡೋದೆಯ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾಗೆ ಹೋದರು. 1920ರಲ್ಲಿ ಶಾಹು ಮಹಾರಾಜರ 2,500 ರೂಪಾಯಿ ನೆರವಿನಿಂದ 'ಮೂಕನಾಯಕ' ತಂದರು. 1946ರಲ್ಲಿ ಅಂಬೇಡ್ಕರ್ ಡು ಬೋಯಿಸ್‌ಗೆ ಪತ್ರ ಬರೆದರು, ಡು ಬೋಯಿಸ್ ಉತ್ತರಿಸಿದರು. ವಿದ್ಯಾರ್ಥಿವೇತನದಲ್ಲಿ ಓದಿ, ತಮ್ಮ ಜನಕ್ಕಾಗಿ ಪತ್ರಿಕೆ ಮಾಡಿದ ಇಬ್ಬರು. ನಮ್ಮ ದೇಶದ ಸುದ್ದಿಮನೆಗಳ ಬಗ್ಗೆ ಆಕ್ಸ್‌ಫ್ಯಾಮ್ ಎಂಬ ಸೇವಾ ಸಂಸ್ಥೆ ಮತ್ತು ನ್ಯೂಸ್‌ಲಾಂಡ್ರಿ ಎಂಬ ಸುದ್ದಿ ತಾಣ 2019ರಲ್ಲಿ ಅಧ್ಯಯನ ಮಾಡಿದಾಗ, ನೋಡಿದ 121 ಉನ್ನತ ಹುದ್ದೆಗಳಲ್ಲಿ 106ರಲ್ಲಿ ಮೇಲ್ಜಾತಿಯವರಿದ್ದರು. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. ಇದರ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು. ಈ ಕೋಣೆಯಲ್ಲಿ ಕೂತವರೇ ಅದನ್ನು ಮಾಡಬಲ್ಲಿರಿ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. 'ಸರ್, ಬರೆಯುವವರ ಬಣ್ಣ ಬದಲಾದರೆ ಸುದ್ದಿ ನಿಜವಾಗಲೂ ಬದಲಾಗುತ್ತದಾ? ವರದಿಗಾರಿಕೆ ಅಂದರೆ ಯಾರು ಮಾಡಿದರೂ ಒಂದೇ ಇರಬೇಕಲ್ವಾ?'

ಒಳ್ಳೆಯ ಪ್ರಶ್ನೆ. ಸತ್ಯ ಯಾರು ಬರೆದರೂ ಒಂದೇ. ಆದರೆ ಯಾವ ಪ್ರಶ್ನೆ ಕೇಳಬೇಕು ಅಂತ ಹೊಳೆಯುವುದು ಎಲ್ಲರಿಗೂ ಒಂದೇ ರೀತಿ ಅಲ್ಲ. ಷಿಕಾಗೋ ಡಿಫೆಂಡರ್ ಎಂಬ ಕಪ್ಪು ಜನರ ಪತ್ರಿಕೆಗೆ ಎಥೆಲ್ ಪೇಯ್ನ್ ಎಂಬ ವರದಿಗಾರ್ತಿ ಇದ್ದರು. ಸಂಜೆ ತರಗತಿಗಳಲ್ಲಿ ಬರವಣಿಗೆ ಕಲಿತವರು. 1954ರ ಜುಲೈನಲ್ಲಿ, ಶ್ವೇತಭವನದ ಪತ್ರಿಕಾಗೋಷ್ಠಿಯಲ್ಲಿ ಎದ್ದು ನಿಂತು ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಕೇಳಿದರು: ರಾಜ್ಯದಿಂದ ರಾಜ್ಯಕ್ಕೆ ಹೋಗುವ ರೈಲು ಬಸ್ಸುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದನ್ನು ನಿಷೇಧಿಸಲು ನಿಮ್ಮ ಸರ್ಕಾರ ಬೆಂಬಲ ಕೊಡುತ್ತದೆಯೇ? ಅಧ್ಯಕ್ಷರು ಸಿಟ್ಟಾದರು. ಯಾವುದೇ ಒಂದು ಗುಂಪಿಗೆ ವಿಶೇಷ ಸೌಲಭ್ಯ ಕೊಡುವುದಿಲ್ಲ ಎನ್ನುವ ಅರ್ಥದಲ್ಲಿ ಗಡುಸಾಗಿ ಉತ್ತರಿಸಿದರು. ಆ ಸಿಟ್ಟೇ ಸುದ್ದಿಯಾಗಿ ಬಿಳಿಯರ ಪತ್ರಿಕೆಗಳಲ್ಲೂ ಅಚ್ಚಾಯಿತು. ಆ ಕೋಣೆಯಲ್ಲಿದ್ದ ಉಳಿದವರೆಲ್ಲ ದೇಶದ ಅತಿ ಅನುಭವಿ ವರದಿಗಾರರು. ಆದರೆ ಬೇರೆ ಡಬ್ಬಿಯಲ್ಲಿ ಕೂತು ಪ್ರಯಾಣ ಮಾಡಬೇಕಾಗಿದ್ದದ್ದು ಪೇಯ್ನ್ ಮತ್ತು ಅವರ ಓದುಗರು. 1955ರ ನವೆಂಬರ್‌ನಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಆ ಪದ್ಧತಿಯನ್ನು ನಿಷೇಧಿಸಿ ಆದೇಶ ಹೊರಡಿಸಿತು. ಆಫ್ರಿಕಾಕ್ಕೆ ಹೋಗಿ ವರದಿ ಮಾಡಲು ಎನ್‌ಎಬಿಜೆ ಕೊಡುವ ಒಂದು ಫೆಲೋಶಿಪ್ಪಿಗೆ ಎಥೆಲ್ ಪೇಯ್ನ್ ಅವರ ಹೆಸರಿದೆ.